ಜಗಲಿಯ ಡ್ರಮ್ಮು

ಸಂಪಾಜೆ
೧೦-೯-೧೯೫೮

ಅಪ್ಪನವರಿಗೆ,

ಕ್ಷೇಮ ಸಮಾಚಾರದ ಸಾಲುಗಳನ್ನು ಬಿಟ್ಟಿದ್ದೇನೆ. ನಿಮಗೆ ಅವು ಬೇಕಿಲ್ಲ, ನನಗೆ ಪುರಸೊತ್ತಿಲ್ಲ. ಮದುವೆಯ ದಿನ ಊಟಕ್ಕೂ ಕೂರದೆ ನೀವು ಎದ್ದು ಹೋದಿರಲ್ಲ, ಅಲ್ಲಿಂದ ಈಚೆಗೆ ನನ್ನ ಕೈಯಲ್ಲಿ ಬರೆದ ಮೊದಲ ಕಾಗದ ಇದು. ಎರಡು ವಿಷಯ ಕೇಳಲಿಕ್ಕಿದೆ. ಎರಡಕ್ಕೂ ಉತ್ತರ ಬಂದರೆ ಮತ್ತೆ ತೊಂದರೆ ಕೊಡುವುದಿಲ್ಲ.

ಮಗ ಹುಟ್ಟಿದ ಸುದ್ದಿಯ ಕಾರ್ಡನ್ನು ಇವರು ಹಾಕಿದ್ದರು. ಉತ್ತಯ್ಯ ಎಂದು ಹೆಸರಿಟ್ಟಿದ್ದಾರೆ, ಇವರ ಅಜ್ಜನ ಹೆಸರು. ಈಗ ಏಳು ತಿಂಗಳು. ಹೋದ ವಾರ ಇಲ್ಲಿ ಕೈಲ್‌ಮುಹೂರ್ತದ ಕೋವಿಪೂಜೆ ಆಯಿತು. ಪೂಜೆ ಮುಗಿದ ಮೇಲೆ ಕೋವಿಗಳಿಗೆ ಸಿಕ್ಕಿಸಿದ್ದ ಹೂ ತೆಗೆದು ಗಂಡಸರೆಲ್ಲ ಅಂಗಳಕ್ಕಿಳಿದರು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಒಬ್ಬೊಬ್ಬರಾಗಿ ಗುಂಡು ಹೊಡೆದರು. ಮೊದಲ ಸದ್ದಿಗೇ ನಾಯಿ ಭತ್ತದ ಪತ್ತಾಯದ ಅಡಿಗೆ ನುಗ್ಗಿತು. ಅಂಗಳದಲ್ಲಿದ್ದ ಐದಾರು ಕೂಸುಗಳೂ ಕಿರುಚಿಕೊಂಡವು. ನನ್ನ ಕಂಕುಳಲ್ಲಿದ್ದ ಇವನು ನನ್ನ ಕರಿಮಣಿ ಹಿಡಿದುಕೊಂಡು ಆಡುತ್ತಲೇ ಇದ್ದ. ಕಣ್ಣು ಸಹ ಪಿಳುಕಿಸಲಿಲ್ಲ.

ನಮ್ಮ ಅತ್ತೆ ಅವನನ್ನು ನನ್ನ ಕೈಯಿಂದ ಕಿತ್ತುಕೊಂಡು ಎಲ್ಲರಿಗೂ ಎತ್ತಿ ತೋರಿಸಿದರು. "ನಮ್ಮ ಹೈದನ ಕಂಡ್ರಾ, ಕೋವಿಗೂ ಹೆದ್ರಿಕೆ ಇಲ್ಲೆ. ಇವ ಮಿಲ್ಟ್ರಿಗೆ ಹೋಕೇ ಹುಟ್ಟಿದವ." ಇಡೀ ಅಂಗಳ ಹೊಗಳಿತು. ಯಾರೋ ಒಬ್ಬರು ತಮ್ಮ ಕೋವಿ ಇವನಿಗೇ ಎಂದು ಅಲ್ಲೇ ಮಾತು ಕೊಟ್ಟುಬಿಟ್ಟರು. ನಾನೂ ನಕ್ಕೆ. ಹಾಗೆ ನಕ್ಕ ದಿನದಿಂದ ನನಗೆ ನಿದ್ದೆ ಇಲ್ಲ.

ಆಮೇಲೆ ಅವನ ಬೆನ್ನ ಹಿಂದೆ ತಟ್ಟೆ ಬಡಿದೆ, ಹಂಡೆಯ ಮುಚ್ಚಳ ಬೀಳಿಸಿದೆ. ಒಮ್ಮೆ ತಿರುಗುತ್ತಾನೆ, ನಾಲ್ಕು ಸಲ ತಿರುಗುವುದಿಲ್ಲ. ತಿರುಗಿದ್ದು ಸದ್ದಿಗೋ ನನ್ನ ನೆರಳಿಗೋ ಗೊತ್ತಾಗುವುದಿಲ್ಲ. ಕಾಲೇಜು ಓದಿದವಳಿಗೆ ಪಾತ್ರೆ ಹಿಡಿಯಲಿಕ್ಕೂ ಬರುವುದಿಲ್ಲ ಎಂದು ಅತ್ತೆ ಕೆಲಸದವರ ಎದುರಿಗೇ ಆಡಿಕೊಳ್ಳುತ್ತಿದ್ದಾರೆ. ಮಡಿಕೇರಿಯ ಡಾಕ್ಟರು, ಒಂದು ವರ್ಷ ತುಂಬಲಿ, ಆಮೇಲೆ ನೋಡೋಣ ಎಂದರು.

ನನ್ನ ಮೊದಲ ಪ್ರಶ್ನೆ. ತಮ್ಮ ಪೊನ್ನಪ್ಪನಿಗೆ ಕಿವಿ ಕೇಳುವುದಿಲ್ಲ ಎಂದು ಅವ್ವನಿಗೆ ಗೊತ್ತಾದದ್ದು ಎಷ್ಟನೇ ತಿಂಗಳಲ್ಲಿ, ಹೇಗೆ? ಅವ್ವ ಬದುಕಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ. ಎರಡನೆಯದು, ನಿಮ್ಮ ಮಿಲಿಟರಿ ಬ್ಯಾಂಡಿನ ಡ್ರಮ್ಮು ಇನ್ನೂ ಇದ್ದರೆ ಕಳಿಸಿ. ತಾತ ಕಳಿಸಿದ ಆಟದ ಸಾಮಾನು ಎಂದರೆ ಈ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ, ನಾನು ಎಷ್ಟು ಬೇಕಾದರೂ ಬಾರಿಸಿ ನೋಡಬಹುದು. ಕಿವಿ ಕೇಳದ ತಮ್ಮನನ್ನು ರಟ್ಟೆ ಹಿಡಿದು ಕೂರಿಸಿ, ಅವನು ಅಳುತ್ತಿದ್ದರೂ ಬಿಡದೆ, ದಿನಾ ಬೆಳಿಗ್ಗೆ ಅದನ್ನು ಬಾರಿಸುತ್ತಿದ್ದಿರಲ್ಲ. ನಾನು ಮರೆತಿಲ್ಲ. ನಾನು ಆ ರೀತಿ ಮಾಡುವುದಿಲ್ಲ.

ಉತ್ತರವನ್ನು ಕಾರ್ಡಿನಲ್ಲಿ ಬರೆಯಬೇಡಿ. ಇಲ್ಲಿ ಕಾರ್ಡನ್ನು ಎಲ್ಲರೂ ಓದುತ್ತಾರೆ. ಮದುವೆಯ ಮಾತಿನ ದಿನ "ಒಬ್ಬ ಮಗ ಇದ್ದ, ಲಾರಿಗೆ ಸಿಕ್ಕಿ ಹೋದ" ಎಂದಷ್ಟೇ ಹೇಳಿ ಬಾಯಿ ಮುಚ್ಚಿದವರು ನೀವು. ಅವನಿಗೆ ಕಿವಿ ಕೇಳುತ್ತಿರಲಿಲ್ಲ ಎಂಬುದು ಈ ಮನೆಗೆ ಗೊತ್ತಿಲ್ಲ.

ನೀಲಾವತಿ


ಕರಿಕೆ
೨೬-೯-೧೯೫೮

ನೀಲಾವತಿಗೆ,

ಡ್ರಮ್ಮು ಕಳಿಸಿದ್ದೇನೆ. ಏಲಕ್ಕಿ ಮಾರಲು ಸುಳ್ಯಕ್ಕೆ ಹೋಗುವವರ ಜೀಪಿನಲ್ಲಿ ಗೋಣಿಗೆ ತುಂಬಿ ಹಾಕಿದೆ. ಸುಳ್ಯದಿಂದ ನಿನ್ನ ಗಂಡ ತರಿಸಿಕೊಳ್ಳಲಿ. ಸೌದೆ ಕೊಟ್ಟಿಗೆಯ ಹಿಂದೆ ನೀನು ಎಲ್ಲಿ ಇಟ್ಟಿದ್ದೆಯೋ ಅಲ್ಲೇ ಇತ್ತು. ಏಳು ಮಳೆಗಾಲ ನೋಡಿದೆ. ನಾನು ಮುಟ್ಟಿರಲಿಲ್ಲ.

ಹಾಳು ಮಾಡಿದವಳು ನೀನು, ಸರಿ ಮಾಡಬೇಕಾದವಳೂ ನೀನೇ. ಬಿ.ಎ. ಓದಿದ್ದೀ, ಕಷ್ಟ ಆಗಲಿಕ್ಕಿಲ್ಲ. ಮೊದಲು ಹಗ್ಗ ಬಿಚ್ಚು. ಕತ್ತರಿಸಬೇಡ, ಬಿಚ್ಚು. ಹಗ್ಗ ಯಾವ ತೂತಿನಿಂದ ಯಾವ ತೂತಿಗೆ ಹೋಗಿದೆ ಎಂದು ಕಾಗದದಲ್ಲಿ ಬರೆದಿಟ್ಟುಕೋ. ಹಿತ್ತಾಳೆಯ ಮೈಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕು, ಮರಳು ಮುಟ್ಟಿಸಬೇಡ. ತಗ್ಗಿದ ಕಡೆ ಒಳಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟು. ಎಳೆ ಆಡಿನ ಚರ್ಮ ಎರಡು ತುಂಡು ಬೇಕು, ಮೇಲಿನದು ದಪ್ಪ, ಕೆಳಗಿನದು ಈರುಳ್ಳಿ ಸಿಪ್ಪೆಯ ಹಾಗೆ. ಒಂದು ದಿನ ನೀರಿನಲ್ಲಿ ನೆನೆಸಿ, ಹಸಿ ಇರುವಾಗಲೇ ಡ್ರಮ್ಮಿನ ಬಾಯಿಯ ಮರದ ಬಳೆಗೆ ಮಡಚಿ ಚಮಚದ ಹಿಡಿಯಿಂದ ಒಳಗೆ ಸಿಕ್ಕಿಸು. ನೆರಳಲ್ಲಿ ಒಣಗಬೇಕು. ಒಲೆಯ ಹತ್ತಿರ ಇಟ್ಟರೆ ಒಡೆಯುತ್ತದೆ.

ನಿನ್ನ ಇನ್ನೊಂದು ಪ್ರಶ್ನೆಗೆ ಡ್ರಮ್ಮು ಸರಿಯಾದ ಮೇಲೆ ಉತ್ತರ. ಅದಕ್ಕೆ ಮೊದಲು ಹೇಳಿದರೆ ನಿನಗೆ ಅರ್ಥ ಆಗುವುದಿಲ್ಲ.

ಬೊಳ್ಳಪ್ಪ


ಸಂಪಾಜೆ
೧೬-೧೦-೧೯೫೮

ಅಪ್ಪನವರಿಗೆ,

ತಾಯಿಯೊಬ್ಬಳು ತನ್ನ ಮಗುವಿನ ಬಗ್ಗೆ ಕೇಳಿದ ಮಾತನ್ನು ಹೀಗೆ ಒತ್ತೆ ಇಟ್ಟುಕೊಳ್ಳುವುದು ನಿಮಗೇ ಸರಿ. ಅವ್ವ ನಿಮ್ಮ ಜೊತೆ ಹೇಗೆ ಬದುಕಿದಳು ಎಂದು ಈಗ ಯೋಚಿಸುತ್ತೇನೆ.

ಗೋಣಿ ಬಿಚ್ಚಿದಾಗ ಒಳಗೆ ಇರುವೆಯ ಗೂಡು, ಅರ್ಧ ಕೊಳೆತ ತೊಗಲು, ಕಪ್ಪಾಗಿ ಹಸಿರು ಹತ್ತಿದ ಹಿತ್ತಾಳೆ. ನಮ್ಮ ಅತ್ತೆ ಮೂಗಿಗೆ ಸೆರಗು ಹಿಡಿದು, ಬೀಗರು ಮೊಮ್ಮಗನಿಗೆ ಒಳ್ಳೆ ಉಡುಗೊರೆ ಕಳಿಸಿದ್ದಾರೆ ಎಂದರು. ಹಗ್ಗವನ್ನು ನೀವು ಹೇಳಿದ ಹಾಗೇ ಬಿಚ್ಚಿದೆ, ಬರೆದಿಟ್ಟುಕೊಂಡೆ. ಮೂರು ಮಧ್ಯಾಹ್ನ ತಿಕ್ಕಿದ ಮೇಲೆ ಹಿತ್ತಾಳೆಯಲ್ಲಿ ನನ್ನ ಮುಖ ಕಾಣಿಸಿತು. ಕಣ್ಣಿನ ಸುತ್ತ ಕಪ್ಪು ಕಟ್ಟಿದೆ. ಇಪ್ಪತ್ತೆರಡು ವರ್ಷದವಳೆಂದು ಯಾರೂ ಹೇಳುವ ಹಾಗಿಲ್ಲ. ಮಗು ಮಲಗಿದಾಗ ನಾನು ಮಲಗಬೇಕು ಎನ್ನುತ್ತಾರೆ. ಅವನು ಮಲಗಿದಾಗ ನಾನು ಅವನ ಕಿವಿಯ ಹತ್ತಿರ ಚಿಟಿಕೆ ಹೊಡೆಯುತ್ತಾ ಕೂರುತ್ತೇನೆ.

ಒಂದು ವಿಷಯ. ಕೆಳಗಿನ ಮರದ ಬಳೆಗೆ ಹಚ್ಚಿದ ಕೆಂಪು ಬಣ್ಣ ಎಲ್ಲ ಕಡೆಯೂ ಇದೆ, ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ ಸವೆದು ನುಣ್ಣಗಾಗಿದೆ. ಮಳೆಯಿಂದ ಆದದ್ದಲ್ಲ. ನೀವು ಬಾರಿಸುವಾಗ ಅದು ನಿಮ್ಮ ತೊಡೆಗೆ ತಾಗುತ್ತಿತ್ತೇನೋ.

ಚರ್ಮದ ಕೆಲಸ ನನ್ನಿಂದ ಆಗುವುದಿಲ್ಲ. ಹಸಿ ತೊಗಲನ್ನು ಮನೆಯೊಳಗೆ ನೆನೆಹಾಕಲು ಅತ್ತೆ ಬಿಡುವುದಿಲ್ಲ. ಇವರು ಎಸ್ಟೇಟಿನ ರೈಟರು, ಗೊತ್ತಲ್ಲ, ಕೆಲಸದ ಮೇಲೆ ಕುಶಾಲನಗರಕ್ಕೆ ಹೋಗುವವರಿದ್ದಾರೆ. ಅಲ್ಲಿ ಕೆಂಚ ಎಂಬ ವಾದ್ಯ ಕಟ್ಟುವವನಿದ್ದಾನಂತೆ. ಅವನ ಕೈಗೆ ಕೊಟ್ಟು ಬರುತ್ತಾರೆ.

ನೀಲಾವತಿ


ಕರಿಕೆ
೨೮-೧೦-೧೯೫೮

ಕೆಂಚನಿಗೆ ಕೊಡಬೇಡ. ಬೇರೆ ಯಾರಿಗೂ ಕೊಡಬೇಡ. ಊರ ವಾದ್ಯ ಕಟ್ಟುವವನಿಗೆ ಈ ಡ್ರಮ್ಮು ತಿಳಿಯುವುದಿಲ್ಲ. ಅತ್ತೆ ಬಿಡದಿದ್ದರೆ ಹೊರಗಿನ ಬಚ್ಚಲಲ್ಲಿ ನೆನೆಹಾಕು.

ಬೊಳ್ಳಪ್ಪ


ಸಂಪಾಜೆ
೨೧-೧೧-೧೯೫೮

ಅಪ್ಪನವರಿಗೆ,

ನಿಮ್ಮ ಆರ್ಡರು ತಡವಾಗಿ ಬಂತು, ಅದೂ ಕಾರ್ಡಿನಲ್ಲಿ. ಡ್ರಮ್ಮು ಆಗಲೇ ಹೋಗಿ ಆಗಿತ್ತು, ಈಗ ವಾಪಸು ಬಂದಿದೆ. ನಿಮ್ಮ ಕಾಲದಲ್ಲೂ ಇಷ್ಟು ಚೆಂದ ಇದ್ದಿರಲಿಕ್ಕಿಲ್ಲ. ಎರಡು ಕಡೆಯೂ ಗಟ್ಟಿ ಚರ್ಮ, ಹೊಸ ಹಗ್ಗ, ಬಳೆಗಳಿಗೆ ಎಣ್ಣೆ. ಹೊಡೆದರೆ ಗಂಟೆಯ ಹಾಗೆ ಸ್ಪಷ್ಟ ಸ್ವರ.

ಕೆಂಚನಿಗೆ ಹೆಮ್ಮೆಯೋ ಹೆಮ್ಮೆಯಂತೆ. ಇವರು ಅವನ ಮಾತನ್ನು ಅವನ ಹಾಗೇ ಆಡಿ ತೋರಿಸಿದರು: "ಯಾರೋ ತಿಳೀದೋನು ಅಡಿಗಡೆ ಅಡ್ಡಡ್ಡ ದಾರ ಬಿಗಿದಿದ್ದ ಸ್ವಾಮಿ, ಅದಕ್ಕೇ ಗೊರಗೊರ ಅಂತಿದ್ದಿರ್ಬೇಕು. ಮೂವತ್ತು ವರ್ಷದಿಂದ ವಾದ್ಯದ ಗೊರಗೊರ ಬಿಡಿಸೋದೇ ನನ್ನ ಕೆಲಸ. ಕಿತ್ತು ಬಿಸಾಕಿದೆ, ಈಗ ನೋಡಿ." ಆ ಅಡ್ಡ ದಾರಗಳನ್ನು ನಾನೂ ನೋಡಿದ್ದೆ. ಹರಿದ ಚರ್ಮಕ್ಕೆ ನೀವೇ ಯಾವಾಗಲೋ ಹಾಕಿದ ಹೊಲಿಗೆ ಎಂದುಕೊಂಡಿದ್ದೆ.

ಮೊನ್ನೆ ಅತ್ತೆ ಗದ್ದೆ ಕಡೆ ಹೋಗಿದ್ದಾಗ ಉತ್ತಯ್ಯನನ್ನು ಚಾಪೆಯ ಮೇಲೆ ಕೂರಿಸಿ ಹಿಂದಿನಿಂದ ಬಾರಿಸಿದೆ. ಮೆಲ್ಲಗೆ, ಜೋರಾಗಿ, ಕೈ ಸೋಲುವವರೆಗೆ. ಆಚೆ ಮನೆಯವರು ಬಂದು ಏನು ವಿಶೇಷ ಎಂದು ಕೇಳಿದರು. ಅವನು ಒಂದು ಸಲವೂ ತಿರುಗಲಿಲ್ಲ. ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದ.

ಇನ್ನು ನನಗೆ ಅನುಮಾನ ಇಲ್ಲ. ಡ್ರಮ್ಮು ಸರಿಯಾಗಿದೆ, ನಿಮ್ಮ ಷರತ್ತು ಮುಗಿದಿದೆ. ಈಗ ಉತ್ತರ ಕೊಡಿ. ಉತ್ತರದ ಜೊತೆ, ಏನೂ ಕೇಳದ ಮಗುವಿನ ಮುಂದೆ ಐದು ವರ್ಷ ಇದನ್ನು ಬಾರಿಸಲು ನಿಮಗೆ ಹೇಗೆ ಮನಸ್ಸು ಬಂತು ಎಂದೂ ಬರೆಯಿರಿ. ನನಗೆ ಒಂದು ಮಧ್ಯಾಹ್ನಕ್ಕೇ ಸಾಕಾಯಿತು.

ನೀಲಾವತಿ


ಕರಿಕೆ
೫-೧೨-೧೯೫೮

ನೀಲಾವತಿಗೆ,

ನಿನ್ನ ಕೆಂಚ ಕಿತ್ತು ಬಿಸಾಕಿದ್ದು ಹೊಲಿಗೆಯಲ್ಲ. ಆಡಿನ ಕರುಳು ಹೊಸೆದು ಮಾಡಿದ ತಂತಿ. ಅದು ಇದ್ದರೇ ಡ್ರಮ್ಮು. ಮೇಲೆ ಹೊಡೆದರೆ ಕೆಳಗಿನ ತೆಳು ಚರ್ಮದ ಮೇಲೆ ಆ ತಂತಿ ಗರಗರ ಎಂದು ನಡುಗಬೇಕು. ಅದನ್ನು ತೆಗೆದ ಮೇಲೆ ಅದು ನೀರಿನ ಕೊಡ. ನೀನು ಮಗುವಿನ ಹಿಂದೆ ಕೂತು ಒಂದು ಮಧ್ಯಾಹ್ನ ಕೊಡ ಬಡಿದಿದ್ದೀ.

ನಿನ್ನ ಪ್ರಶ್ನೆ. ನಿಮ್ಮ ಅವ್ವನಿಗೆ ಐದನೇ ತಿಂಗಳಿಗೇ ಗೊತ್ತಿತ್ತು. ಸಿಡಿಲು ಬಡಿದ ದಿನ ಅವನು ತೊಟ್ಟಿಲಲ್ಲಿ ನಗುತ್ತಿದ್ದನಂತೆ. ನಾನು ಆಗ ರೆಜಿಮೆಂಟಿನಲ್ಲಿದ್ದೆ. ಎರಡು ವರ್ಷ ಕಾಗದ ಬರೆಯುತ್ತಾ ಬಂದಳು, ಮಗ ಭಾರಿ ಧೈರ್ಯದವ ಎಂದು. ನಾನೂ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಲವತ್ತಾರರಲ್ಲಿ ಬಂದು ನೋಡಿದಾಗ ಹುಡುಗ ಅಂಗಳದಲ್ಲಿ ಬೆನ್ನು ಹಾಕಿ ಆಡುತ್ತಿದ್ದ. ನಾನು ಕರೆದೆ. ಹತ್ತು ಸಲ ಕರೆದೆ. ಹಾಗಾಗಿ ನಿಮ್ಮ ಅತ್ತೆಯ ಮಾತು ನನಗೆ ಹೊಸದಲ್ಲ.

ಅವನಿಗೆ ಕೇಳಿಸಲೆಂದು ನಾನು ಬಾರಿಸಲಿಲ್ಲ. ಕೇಳುವುದಿಲ್ಲ ಎಂದು ನನಗೆ ನಿನಗಿಂತ ಮೊದಲೇ ಗೊತ್ತಿತ್ತು. ಅವನ ಅಂಗೈಯನ್ನು ಕೆಳಗಿನ ಚರ್ಮಕ್ಕೆ ಒತ್ತಿ ಹಿಡಿಯುತ್ತಿದ್ದೆ. ಮೊದಮೊದಲು ಹೆದರಿ ಅತ್ತ, ನೀನು ನೋಡಿದ್ದು ಅದನ್ನೇ. ಬಳೆಯ ಮೇಲೆ ಸವೆದ ಜಾಗ ನನ್ನ ತೊಡೆಯದಲ್ಲ, ಅವನ ಕೈಯದು.

ನಮ್ಮ ಮನೆಯ ಜಗಲಿಯಿಂದ ರಸ್ತೆಗೆ ಎಷ್ಟು ದೂರ, ನೀನೇ ಹೇಳು. ಮರದ ಲಾರಿ ತಿರುವಿನಾಚೆ ಇರುವಾಗಲೇ ಆ ತಂತಿ ತನ್ನಷ್ಟಕ್ಕೆ ನಡುಗಲು ಶುರುವಾಗುತ್ತದೆ, ಯಾರೂ ಹೊಡೆಯಬೇಕಾಗಿಲ್ಲ. ಡ್ರಮ್ಮನ್ನು ಜಗಲಿಯ ಅಂಚಿನಲ್ಲಿ ಅಡ್ಡ ಮಲಗಿಸಿ ಇಟ್ಟಿದ್ದೆ. ರಸ್ತೆ ದಾಟುವ ಮೊದಲು ಅವನು ಅಂಗೈ ಇಟ್ಟು ನೋಡಬೇಕು. ನಡುಕ ನಿಂತ ಮೇಲೆ ಇಳಿಯಬೇಕು. ಕಲಿಸಲು ಎರಡು ವರ್ಷ ಹಿಡಿಯಿತು. ಆಮೇಲೆ ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ. ಅದು ಅವನ ಪರೇಡು.

ನೀನು ರಜೆಗೆ ಮಡಿಕೇರಿಯಿಂದ ಬಂದೆ. ತಮ್ಮನಿಗೆ ಹಿಂಸೆ ಎಂದು ತಿಳಿದು ಡ್ರಮ್ಮನ್ನು ಸೌದೆ ಕೊಟ್ಟಿಗೆಯ ಹಿಂದೆ ಬಚ್ಚಿಟ್ಟೆ. ನಾನು ಗದ್ದೆಯಲ್ಲಿದ್ದೆ. ಹುಡುಗ ಅಂದೂ ರಸ್ತೆ ದಾಟಿದ.

ಏಳು ವರ್ಷ ಇದನ್ನು ನಿನಗೆ ಹೇಳಲಿಲ್ಲ. ನಿನಗೆ ಮದುವೆಯಾಗಿ ಮಗು ಆಗುವವರೆಗೂ ಹೇಳಲಿಲ್ಲ. ಹೇಳಲೇಬಾರದು ಎಂದಿದ್ದೆ. ಹೇಗೆ ಮನಸ್ಸು ಬಂತು ಎಂದು ಕೇಳಿದೆಯಲ್ಲ, ಅದಕ್ಕೆ ಹೇಳಿದೆ.

ಬೊಳ್ಳಪ್ಪ


ಕರಿಕೆ
೧೮-೧-೧೯೫೯

ನೀಲಾವತಿಗೆ,

ಆರು ವಾರ ಆಯಿತು, ನಿನ್ನ ಕಾಗದ ಇಲ್ಲ. ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಇದರ ಜೊತೆ ಪೊಟ್ಟಣದಲ್ಲಿ ಎಂಟು ಎಳೆ ಕರುಳಿನ ತಂತಿ ಇದೆ, ನಾನೇ ಹೊಸೆದದ್ದು. ಕಣ್ಣು ಮಂಜಾಗಿದೆ, ಎರಡು ಎಳೆ ಸರಿ ಬಂದಿಲ್ಲ, ಆರು ಸಾಕು. ಕೆಳಗಿನ ದಪ್ಪ ಚರ್ಮ ತೆಗೆದು ತೆಳುವಾದದ್ದು ಹಾಕು. ತಂತಿ ಚರ್ಮಕ್ಕೆ ತಾಗಬೇಕು, ಕಚ್ಚಬಾರದು. ಬೆರಳಲ್ಲಿ ಮೆಲ್ಲಗೆ ಮೀಟಿದರೆ ಗೊತ್ತಾಗುತ್ತದೆ.

ಅವನಿಗೆ ಈಗ ಹನ್ನೊಂದು ತಿಂಗಳು ತುಂಬಿರಬೇಕು.

ಬೊಳ್ಳಪ್ಪ


ಸಂಪಾಜೆ
೨೭-೨-೧೯೫೯

ಅಪ್ಪನವರಿಗೆ,

ನಿಮ್ಮ ಡಿಸೆಂಬರಿನ ಕಾಗದವನ್ನು ಓದಿ ಒಲೆಗೆ ಹಾಕಿದೆ. ಹಾಕಿದ್ದರಿಂದ ಪ್ರಯೋಜನವಾಗಲಿಲ್ಲ, ಅಕ್ಷರ ಅಕ್ಷರವೂ ಬಾಯಿಗೆ ಬರುತ್ತದೆ.

ಹೌದು, ನಾನೇ ಬಚ್ಚಿಟ್ಟೆ. ಒಂದೇ ಕೈಯಲ್ಲಿ ಹೊತ್ತುಕೊಂಡು ಹೋದದ್ದು, ಅದರ ಮೇಲೆ ಸೌದೆ ಒಟ್ಟಿದ್ದು ಎಲ್ಲ ನೆನಪಿದೆ. ಪೊನ್ನಪ್ಪ ನನ್ನ ಲಂಗ ಹಿಡಿದು ಎಳೆದು ಜಗಲಿಯ ಅಂಚು ತೋರಿಸಿದ. ಅಪ್ಪನಿಗೆ ಹೆದರಿ ಹೀಗೆ ಮಾಡುತ್ತಿದ್ದಾನೆ ಎಂದುಕೊಂಡೆ. ಇನ್ನು ಹೆದರಬೇಡ ಎಂದು ಕೈಸನ್ನೆ ಮಾಡಿ ಅವನ ಕೈಗೆ ಬೆಲ್ಲ ಕೊಟ್ಟೆ. ಇದನ್ನು ನಾನೂ ಯಾರಿಗೂ ಹೇಳಿರಲಿಲ್ಲ.

ಆದರೆ ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹದಿನೈದು ವರ್ಷದ ಮಗಳನ್ನು ಕೂರಿಸಿಕೊಂಡು, ಇದು ಇವನ ಕಿವಿ, ಮುಟ್ಟಬೇಡ ಎಂದು ಒಂದೇ ಮಾತು. ನೀವು ಮಿಲಿಟರಿಯವರು, ಆರ್ಡರು ಕೊಡುತ್ತೀರಿ, ಕಾರಣ ಹೇಳುವುದಿಲ್ಲ. ಅವ್ವ ಧೈರ್ಯದವ ಎಂದು ಬರೆದಳು. ನೀವು ಲಾರಿಗೆ ಸಿಕ್ಕಿ ಹೋದ ಎಂದಷ್ಟೇ ಹೇಳಿದಿರಿ. ನಮ್ಮ ಮನೆಯಲ್ಲಿ ಅವನ ಬಗ್ಗೆ ನಿಜ ಹೇಳಿದವರು ಒಬ್ಬರೂ ಇಲ್ಲ. ನಾನು ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ. ನಿಮ್ಮನ್ನು ಕ್ಷಮಿಸಿಯೂ ಇಲ್ಲ.

ತಂತಿ ಬಂದ ಮೇಲೆ ಎರಡು ವಾರ ಅದನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೆ. ಆಮೇಲೆ ಇವರಿಗೆ ಹೇಳಿ ಎಳೆ ಆಡಿನ ಚರ್ಮ ತರಿಸಿ ಹೊರಗಿನ ಬಚ್ಚಲಲ್ಲಿ ನೆನೆಹಾಕಿದೆ. ಅತ್ತೆ ನೋಡಿದರು. ನಾನು ತೆಗೆಯಲಿಲ್ಲ. ಕೆಂಚನ ಚರ್ಮ ಬಿಚ್ಚಿ, ಚಮಚದ ಹಿಡಿಯಲ್ಲಿ ಹೊಸದನ್ನು ಬಳೆಗೆ ಸಿಕ್ಕಿಸಿದೆ. ಮೊದಲನೆಯದು ಹರಿಯಿತು. ಎರಡನೆಯದು ನೆರಳಲ್ಲಿ ಐದು ದಿನ ಒಣಗಿತು. ತಂತಿ ಬಿಗಿಯಲು ಒಂದು ಇಡೀ ಬೆಳಿಗ್ಗೆ ಹಿಡಿಯಿತು. ಒಮ್ಮೆ ಕಚ್ಚುತ್ತದೆ, ಒಮ್ಮೆ ತಾಗುವುದೇ ಇಲ್ಲ. ಕೊನೆಗೆ ಬೆರಳಿನಿಂದ ಮೀಟಿದಾಗ ಗರ್ರ್ ಎಂದಿತು. ಅದು ನಮ್ಮ ಕರಿಕೆ ಮನೆಯ ಬೆಳಗಿನ ಸದ್ದು.

ಉತ್ತಯ್ಯನ ಅಂಗೈಯನ್ನು ಕೆಳಗಿನ ಚರ್ಮಕ್ಕೆ ಇಟ್ಟು ಮೇಲೆ ಬೆರಳಲ್ಲಿ ತಟ್ಟಿದೆ. ಅವನು ಅಳಲಿಲ್ಲ. ಆಡುವುದನ್ನು ನಿಲ್ಲಿಸಿದ. ಡ್ರಮ್ಮನ್ನು ನೋಡಿದ, ನನ್ನ ಮುಖ ನೋಡಿದ, ಇನ್ನೊಂದು ಕೈಯನ್ನೂ ತಾನಾಗಿಯೇ ತಂದು ಇಟ್ಟ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೋವಿಗೇ ಹೆದರದವ ಇದಕ್ಕೆ ಹೆದರುತ್ತಾನಾ ಎಂದು ನಕ್ಕರು. ಆಗ ನನ್ನ ಬಾಯಿಂದ ಬಂದುಬಿಟ್ಟಿತು, ಈ ಮನೆಯ ಮಾತಿನಲ್ಲೇ: "ಅತ್ತೆ, ಅವಂಗೆ ಕಿವಿ ಕೇಳ್ದುಲೆ. ಅಂದೂ ಕೇಳಿಸಿರ್ಲಿಲ್ಲ."

ನಾನು ಕಾಯುತ್ತಿದ್ದ ಮಾತನ್ನೇ ಅವರು ಕೇಳಿದರು: "ನಿಮ್ಮ ಕಡೇಂದ ಬಂದದಾ?"

ಹೌದು ಎಂದೆ. ನನ್ನ ತಮ್ಮನೂ ಹೀಗೇ ಇದ್ದ, ನಿಮಗೆ ಹೇಳಿರಲಿಲ್ಲ ಎಂದೆ. ಅಂದಿನಿಂದ ಹದಿಮೂರು ದಿನವಾಯಿತು, ಅತ್ತೆ ನನ್ನ ಜೊತೆ ಮಾತಾಡಿಲ್ಲ. ನಾನು ಬಡಿಸಿದರೆ ಉಣ್ಣುತ್ತಾರೆ, ತಲೆ ಎತ್ತುವುದಿಲ್ಲ. ಬಂದವರ ಎದುರು ಈಗ ಮಗುವನ್ನು ಎತ್ತಿ ತೋರಿಸುವುದಿಲ್ಲ. ಇವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮೂರನೆಯ ದಿನ ಎಸ್ಟೇಟಿನಿಂದ ಇಬ್ಬರು ಆಳು ಕರೆದುಕೊಂಡು ಬಂದು ಮನೆಯ ಮುಂದೆ ಬೇಲಿ ಹಾಕಿಸಿ ಗೇಟು ಇಡಿಸಿದರು. ನಮ್ಮದು ಮಂಗಳೂರಿನ ರಸ್ತೆ, ಹಗಲಿಡೀ ಲಾರಿ. ಗೇಟಿನ ಚಿಲಕ ಎಲ್ಲಿರಬೇಕು ಎಂದು ನನ್ನನ್ನೇ ಕೇಳಿದರು.

ಈಗ ಡ್ರಮ್ಮು ನಮ್ಮ ಜಗಲಿಯಲ್ಲಿದೆ, ನೀವು ಇಡುತ್ತಿದ್ದ ಹಾಗೇ ಅಡ್ಡ. ಲಾರಿ ಬರುವಾಗ ಅವನ ಕೈ ಇಡಿಸಿ ರಸ್ತೆ ತೋರಿಸುತ್ತೇನೆ. ಹತ್ತು ದಿನ ಅವನು ನನ್ನ ಬೆರಳನ್ನು ನೋಡಿದ, ರಸ್ತೆಯನ್ನು ನೋಡಲಿಲ್ಲ. ನಿನ್ನೆ ಬೆಳಿಗ್ಗೆ ನಾನು ಅವನ ಬಟ್ಟೆ ಮಡಚುತ್ತಿದ್ದೆ. ಅವನು ಜಗಲಿಯ ಕಂಬ ಹಿಡಿದು ಎದ್ದು ನಿಂತು, ತಾನೇ ಡ್ರಮ್ಮಿಗೆ ಕೈ ಇಟ್ಟ. ಹಾಗೇ ಕತ್ತು ತಿರುಗಿಸಿ ರಸ್ತೆಯ ತಿರುವಿನ ಕಡೆ ನೋಡತೊಡಗಿದ. ರಸ್ತೆ ಖಾಲಿ ಇತ್ತು. ಏನು ನೋಡುತ್ತಾನೆ ಎಂದು ನಾನೂ ನೋಡಿದೆ. ಆಮೇಲೆ ಲಾರಿ ಬಂತು. ನನಗೆ ಅದರ ಸದ್ದು ಕೇಳಿಸಿದ್ದು ಅವನು ತಿರುಗಿದ ಮೇಲೆಯೇ.

ನಡುಕ ನಿಲ್ಲುವವರೆಗೆ ಕಾಯುವುದನ್ನು ಹೇಗೆ ಕಲಿಸಿದಿರಿ, ಅದು ನನಗೆ ಗೊತ್ತಿಲ್ಲ. ಕಾಗದದಲ್ಲಿ ಬರೆಯಬೇಡಿ, ನೀವು ಬರೆದರೆ ನನಗೆ ಸಿಟ್ಟು ಬರುತ್ತದೆ. ಅವನು ಇನ್ನೊಂದು ತಿಂಗಳಲ್ಲಿ ನಡೆಯುತ್ತಾನೆ, ಅಷ್ಟರೊಳಗೆ ಬನ್ನಿ. ಅತ್ತೆ ನಿಮ್ಮನ್ನು ಮಾತಾಡಿಸುವುದಿಲ್ಲ, ನಾನೂ ಹೆಚ್ಚು ಮಾತಾಡುವುದಿಲ್ಲ. ಊಟ ಮಾಡದೆ ಮಾತ್ರ ಹೋಗಬೇಡಿ.

ಒಳಗೆ ಬಂದ ಮೇಲೆ ಗೇಟಿನ ಚಿಲಕ ಹಾಕಿ.

ನೀಲಾವತಿ